ಅಪ್ಪಯ್ಯನ ದನಿ ಮತ್ತು ಸ್ಲೋ ಲೋಕಲ್

ಡೊಂಬಿವಲಿಯ ನಮ್ಮ ಮನೆಯ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. 2003ರಲ್ಲಿ ಲ್ಯಾಮಿಂಗ್ಟನ್ ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ್ದು. 2006ರ ಮಳೆಗಾಲದಲ್ಲಿ ಅಪ್ಪಯ್ಯ ಇಲ್ಲಿ ಬಂದು ಕೂತಾಗ, ಮೈಕು ಚುಚ್ಚಿ ಅವರ ತಾಳಮದ್ದಳೆ ಮಾತುಗಳನ್ನೆಲ್ಲ ಅದರಲ್ಲೇ ರೆಕಾರ್ಡ್ ಮಾಡಿದ್ದೆ. ಒಟ್ಟು ಮೂವತ್ತು ಗಂಟೆ. ವೇವ್ ಫೈಲು ನಿಮಿಷಕ್ಕೆ 10 ಎಂಬಿ ತಿನ್ನುತ್ತೆ, ಲೆಕ್ಕ ಹಾಕಿ, 18 ಜಿಬಿ. ಇನ್ನೊಂದು ಪ್ರತಿ ಮಾಡಿಡಬೇಕು ಅಂತ ಇಷ್ಟು ವರ್ಷ ಬರೀ ಅಂದುಕೊಂಡೇ ಇದ್ದೆ. ಸೋಮಾರಿತನ, ಮತ್ತೇನಿಲ್ಲ. ಅಪ್ಪಯ್ಯ ಈಗಿಲ್ಲ.

ಕಳೆದ ತಿಂಗಳು ಊರಿಂದ ಅಣ್ಣಯ್ಯ ಬಂದಿದ್ದ. ಹೊರಡುವ ದಿನ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಬ್ಯಾಗಿನಿಂದ ಡಿಸ್ಕ್ ತೆಗೆದು, "ಅಪ್ಪಯ್ಯಂದು ಎಲ್ಲ ಇದಕ್ಕೆ ಹಾಕಿ ಕೊಡು ಮಾರಾಯ" ಅಂದ. ಠಾಣೆಯಲ್ಲಿ ಮತ್ಸ್ಯಗಂಧ ಹಿಡಿಯಲು ಒಂದಕ್ಕೆ ಮನೆ ಬಿಡಬೇಕು. ಕಾಪಿ ಕೊಟ್ಟೆ. ಐದು ಗಂಟೆ ಅಂತ ತೋರಿಸಿತು!

ಕೇಬಲ್ ಬದಲಿಸಿದೆ. ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಚುಚ್ಚಿದೆ. ಊಹೂಂ. ಕೊನೆಗೆ ಡಿವೈಸ್ ಮ್ಯಾನೇಜರ್ ತೆರೆದರೆ ಅಲ್ಲಿ ಯುಎಸ್‌ಬಿ ಕಂಟ್ರೋಲರ್ ಒಂದರ ಪಕ್ಕ ಹಳದಿ ಪ್ರಶ್ನೆ ಚಿಹ್ನೆ.

ಆಗ ನೆನಪಾಯ್ತು. 2012ರಲ್ಲಿ ವೈರಸ್ ಹೊಕ್ಕಾಗ ಒಬ್ಬ ಹುಡುಗ ಬಂದು ಎಕ್ಸ್‌ಪಿ ಹೊಸದಾಗಿ ಹಾಕಿದ್ದ. ಹಾಕಿದ್ದು 2001ರ ಮೂಲ ಸಿಡಿಯಿಂದ. ಅದಕ್ಕೆ ಯುಎಸ್‌ಬಿ 2.0 ಗೊತ್ತೇ ಇಲ್ಲ; ಅದರ ಡ್ರೈವರ್ ಬಂದಿದ್ದು 2002ರ ಎಸ್‌ಪಿ1ರಲ್ಲಿ. ಆ ಕಾಲದ ಮದರ್‌ಬೋರ್ಡಿನಲ್ಲಿ ಒಂದೇ ಪೋರ್ಟಿನ ಹಿಂದೆ ಎರಡು ಕಂಟ್ರೋಲರ್: ಒಂದು 480 ಮೆಗಾಬಿಟ್‌ನದು, ಒಂದು 12ರದು. ಮೊದಲನೆಯದಕ್ಕೆ ಡ್ರೈವರ್ ಇಲ್ಲದಿದ್ದರೆ ಡಿಸ್ಕ್ ಸುಮ್ಮನೆ ಎರಡನೆಯದಕ್ಕೆ ಹೋಗುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಫಾಸ್ಟ್ ಲೋಕಲ್ಲನ್ನು ಸ್ಲೋ ಟ್ರ್ಯಾಕಿಗೆ ಬಿಟ್ಟ ಹಾಗೆ. ಓಡುತ್ತೆ, ಆದರೆ ಸೆಕೆಂಡಿಗೆ ಸುಮಾರು 1 ಎಂಬಿ.

ಡ್ರಾಯರಿನಲ್ಲಿ ಎಸ್‌ಪಿ2 ಸಿಡಿ ಸಿಕ್ಕಿತು. ಹಾಕಲು ಹೊರಟರೆ ಅಣ್ಣಯ್ಯ ಕೈ ಹಿಡಿದ. "ಬೇಡ, ಎಂತಾದ್ರೂ ಹೆಚ್ಚುಕಮ್ಮಿ ಆದ್ರೆ? ಬಂದಷ್ಟು ಬರ್ಲಿ." ಅವನ ಹೆದರಿಕೆ ಸುಳ್ಳಲ್ಲ. ವಿಂಡೋಸ್ ಕೆಟ್ಟರೂ ಫೈಲು ಡಿ ಡ್ರೈವಿನಲ್ಲಿ ಉಳಿಯುತ್ತೆ ನಿಜ, ಆದರೆ ಅದು ಹಳೇ ಐಡಿಇ ಡಿಸ್ಕು. ಬಿಚ್ಚಿ ಓದಲು ಅಡಾಪ್ಟರ್ ಬೇಕು, ಭಾನುವಾರ ಲ್ಯಾಮಿಂಗ್ಟನ್ ರೋಡಿನಲ್ಲಿ ಬಹುಪಾಲು ಅಂಗಡಿಗೆ ಬೀಗ.

ಕೊನೆಗೆ ಒಪ್ಪಂದವಾಯ್ತು. ಮೊದಲು ಕರ್ಣಪರ್ವದ 3 ಜಿಬಿ ಮಾತ್ರ ನಿಧಾನವಾಗಿಯೇ ಹೋಗಲಿ. ಅದಕ್ಕೆ ಐವತ್ತು ನಿಮಿಷ. ಆಮೇಲೆ ಎಸ್‌ಪಿ2. ಮುಕ್ಕಾಲು ಗಂಟೆ ಆ ನೀಲಿ ಪಟ್ಟಿ ನೋಡುತ್ತ ಕೂತೆವು, ಕರೆಂಟ್ ಹೋಗದಿರಲಿ ಅಂತ ಇಬ್ಬರೂ ಮನಸ್ಸಿನಲ್ಲೇ ಹರಕೆ. (ಇಂಥ ಮೆಷಿನ್ ಇಟ್ಟುಕೊಂಡವರು ಇಂಟರ್‌ನೆಟ್ಟಿಗೆ ಮಾತ್ರ ಜೋಡಿಸಬೇಡಿ, ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈಬಿಟ್ಟಾಗಿದೆ.)

ರೀಸ್ಟಾರ್ಟ್ ಆದಾಗ ಪ್ರಶ್ನೆ ಚಿಹ್ನೆ ಇರಲಿಲ್ಲ. ಆ ಜಾಗದಲ್ಲಿ 'ಎನ್ಹಾನ್ಸ್‌ಡ್ ಹೋಸ್ಟ್ ಕಂಟ್ರೋಲರ್' ಅಂತ ಬಂದಿತ್ತು. ಉಳಿದ 15 ಜಿಬಿ ಕಾಲು ಗಂಟೆಯೊಳಗೆ ಮುಗಿಯಿತು.

ಸರಿ ಬಂದಿದೆಯಾ ನೋಡಲು ಒಂದು ಫೈಲು ಹಾಕಿದೆ. ಮೊದಲು ಕೆಮ್ಮು. ಆಮೇಲೆ, "ಶುರು ಮಾಡ್ಲಾ? ಕೆಂಪು ಲೈಟ್ ಬಂತಾ?" ಅಂತ ಅಪ್ಪಯ್ಯ ನನ್ನನ್ನೇ ಕೇಳುತ್ತಿದ್ದರು. ಅಣ್ಣಯ್ಯ ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದವ ವಾಪಸ್ ಬಂದು ಕೂತ. ಠಾಣೆಗೆ ಓಡೋಡಿ ಹೋಗಬೇಕಾಯ್ತು.