ಖಾಲಿ ರಸ್ತೆ

ಯೂಟ್ಯೂಬ್‌ನಲ್ಲಿ ನಾನು ಅತಿ ಹೆಚ್ಚು ನೋಡಿರುವುದು ಸಿನಿಮಾ ಅಲ್ಲ, ಅಡುಗೆಯೂ ಅಲ್ಲ. ಯಾರೋ ಹ್ಯಾಂಡಲ್‌ಗೆ ಕ್ಯಾಮೆರಾ ಕಟ್ಟಿಕೊಂಡು ಇಟಲಿಯ ಗುಡ್ಡಗಳಲ್ಲಿ ಸೈಕಲ್ ಹೊಡೆಯುವ ವಿಡಿಯೋಗಳು. ಗುಡ್ಡದ ನೆತ್ತಿಯ ಮೇಲೊಂದು ಕಲ್ಲಿನ ಊರು, ಕೆಳಗೆ ಕಣಿವೆ, ಎದುರು ಗುಡ್ಡದಲ್ಲಿ ಇನ್ನೊಂದು ಊರು, ನಡುವೆ ಸುತ್ತಿ ಸುತ್ತಿ ಹೋಗುವ ರಸ್ತೆ. ಒಂದು ಗಂಟೆಯ ವಿಡಿಯೋದಲ್ಲಿ ಎರಡೋ ಮೂರೋ ಕಾರು ಕಂಡರೆ ಹೆಚ್ಚು. ಸಿಲ್ಕ್ ಬೋರ್ಡ್‌ನಲ್ಲಿ ದಿನಾ ಮುಕ್ಕಾಲು ಗಂಟೆ ಹೊಗೆ ಕುಡಿಯುವವನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಬೇಕಾ?

ಹಾಗಾಗಿ ತಿಂಗಳಲ್ಲಿ ಎರಡು ವಾರ ಊರಿಂದಲೇ ಕೆಲಸ ಮಾಡಬಹುದು ಅಂತ ಆಫೀಸಿನಲ್ಲಿ ಹೇಳಿದಾಗ ನಾನು ಮೊದಲು ಮಾಡಿದ್ದು ಒಂದು ಗೇರ್ ಸೈಕಲ್ ತಗೊಂಡಿದ್ದು. ಶಿವಮೊಗ್ಗದ ಮನೆಗೆ ತಂದು ನಿಲ್ಲಿಸಿದೆ. ಅಪ್ಪ ಅದಕ್ಕೊಂದು ಸುತ್ತು ಬಂದು, "ಎಷ್ಟು ಕೊಟ್ಟೆ?" ಅಂದ್ರು. ಅರ್ಧ ಬೆಲೆ ಹೇಳಿದೆ. "ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಅದಕ್ಕೆಲ್ಲ ಬೇರೆ ದುಡ್ಡಾ?" ಅಂತ ಒಳಗೆ ಹೋದ್ರು.

ಅಪ್ಪನಿಗೆ ಸೈಕಲ್ ಚೆನ್ನಾಗಿ ಗೊತ್ತು. ಭದ್ರಾವತಿಯ ಕಾರ್ಖಾನೆಯೊಂದಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೈಕಲ್‌ನಲ್ಲೇ ಹೋಗಿ ಬಂದವರು. ರಿಟೈರ್ ಆದ ಮೇಲೆ ಕ್ವಾರ್ಟರ್ಸ್ ಬಿಟ್ಟು ವಿನೋಬನಗರಕ್ಕೆ ಬಂದ್ವಿ. ಹಳೇ ಅಟ್ಲಾಸ್ ಕೂಡ ಸಾಮಾನಿನ ಲಾರಿಯಲ್ಲೇ ಬಂತು. ಬಂದಿದ್ದು ಮೆಟ್ಟಿಲ ಕೆಳಗೆ ನಿಂತುಬಿಡ್ತು.

ನನ್ನ ಇಟಲಿ ತುಂಬಾ ದೂರ ಇರಲಿಲ್ಲ. ತರೀಕೆರೆಯ ಗೆಳೆಯನ ಮನೆಯಲ್ಲಿ ರಾತ್ರಿ ಉಳಿದು, ಬೆಳಕು ಹರಿಯುವ ಹೊತ್ತಿಗೆ ಲಿಂಗದಹಳ್ಳಿ ದಾಟಿದರೆ ಕೆಮ್ಮಣ್ಣುಗುಂಡಿಯ ಏರು ಶುರು. ಮೊದಮೊದಲು ಹಾಡು ಗುನುಗಿಕೊಂಡು ಹೋಗಬಹುದು. ಕಲ್ಲತ್ತಿಗಿರಿ ದಾಟಿದ ಮೇಲೆ ಉಸಿರಾಡಿದರೆ ಸಾಕು ಅನ್ನಿಸುತ್ತೆ. ಒಂದು ಪಕ್ಕ ಕಾಫಿ ತೋಟ, ಇನ್ನೊಂದು ಪಕ್ಕ ಮಂಜು, ತಿರುವಿನ ಮೇಲೆ ತಿರುವು. ಮೇಲೆ ಮುಟ್ಟಿದಾಗ ಎತ್ತರ 1,434 ಮೀಟರ್. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಅದಿರು ಹೋಗಿದ್ದು ಇದೇ ಗುಡ್ಡದಿಂದ. ಗಣಿಯ ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ತೂಗಾಡಿಕೊಂಡು ಕೆಳಗಿಳಿಯುತ್ತಿತ್ತು. ಈಗ ಗಣಿ ಇಲ್ಲ. ನಮ್ಮಂಥವರು ಫೋಟೋ ತೆಗೆದುಕೊಳ್ಳಲು ಹೋಗುತ್ತೇವೆ.

ಇಳಿಯುವಾಗ ನೀರು ಖಾಲಿಯಾಗಿ, ರಸ್ತೆ ಬದಿಯ ಒಂದು ಮನೆಯ ಮುಂದೆ ನಿಂತೆ. ದೊಡ್ಡ ಮನೆ, ಆದರೆ ಅರ್ಧದಷ್ಟು ಕೋಣೆಗೆ ಬೀಗ. ಅಜ್ಜಿಯೊಬ್ಬರು ನೀರು ಕೇಳಿದರೆ ಮಜ್ಜಿಗೆಯನ್ನೇ ತಂದುಕೊಟ್ಟರು. "ಯಾವ ಊರಾಯ್ತಪ್ಪಾ?" ಭದ್ರಾವತಿ, ಕೆಲಸ ಬೆಂಗಳೂರಲ್ಲಿ ಅಂದೆ. "ನಮ್ಮ ಹುಡುಗ್ರೂ ಅಲ್ಲೇ. ದೀಪಾವಳಿಗೆ ಬರ್ತಾರೆ" ಅಂದರು. ನಾನು ಎರಡನೇ ಲೋಟ ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದರು.

ಸಂಜೆ ಅಪ್ಪನಿಗೆ ಹೇಳಿದೆ: "ರಸ್ತೆ ಎಷ್ಟು ಖಾಲಿ ಇತ್ತು ಗೊತ್ತಾ? ಒಂದು ಗಂಟೆಗೆ ಮೂರು ಗಾಡಿ!"

"ರಸ್ತೆ ಖಾಲಿ ಇದೆ ಅಂದ್ರೆ ಆ ಕಡೆ ಕೆಲಸ ಇಲ್ಲ ಅಂತ ಕಣೋ. ಅದ್ರಲ್ಲಿ ಖುಷಿಪಡೋದೇನಿದೆ?" ಅಂದ್ರು ಅಪ್ಪ.

ಸಿಟ್ಟು ಬಂತು. ಎಪ್ಪತ್ತು ಕಿಲೋಮೀಟರ್ ತುಳಿದು ಬಂದವನಿಗೆ ಹೇಳೋ ಮಾತಾ ಇದು? ಆದರೆ ಆ ರಾತ್ರಿ ಇಟಲಿಯ ವಿಡಿಯೋ ಹಾಕಿದಾಗ ಮೊದಲ ಸಲ ರಸ್ತೆ ಬಿಟ್ಟು ಮನೆಗಳನ್ನು ನೋಡಿದೆ. ಕಿಟಕಿಗಳೆಲ್ಲ ಮುಚ್ಚಿದ್ದವು. ಬೆಂಚಿನ ಮೇಲೆ ಇಬ್ಬರು ಮುದುಕರು. ಸಿಸಿಲಿಯ ಸಂಬುಕಾ ಎಂಬ ಗುಡ್ಡದ ಊರು 2019ರಲ್ಲಿ ಹಾಳುಬಿದ್ದ ಮನೆಗಳನ್ನು ಒಂದು ಯೂರೋಗೆ ಮಾರಾಟಕ್ಕಿಟ್ಟಾಗ ನಾವೆಲ್ಲ ಆಫೀಸಿನಲ್ಲಿ ತಮಾಷೆ ಮಾಡಿದ್ದು ನೆನಪಾಯ್ತು. ನಿವೇಶನಕ್ಕೆ ಸಾಲ ಮಾಡಿದವರಿಗೆ ಅದು ಜೋಕು. ಅಲ್ಲಿ ಹುಡುಗರೆಲ್ಲ ಊರು ಬಿಟ್ಟು ಹೋಗಿದ್ದರು, ಅಷ್ಟೆ.

ಮುಂದಿನ ವಾರ ಅಪ್ಪ ತಾವೇ ಅಟ್ಲಾಸ್ ಹೊರಗೆ ತೆಗೆದರು. ಎರಡು ಹೊಸ ಟೈರು, ಚೈನಿಗೆ ಎಣ್ಣೆ. "ಭಾನುವಾರ ಭದ್ರಾವತಿಗೆ ಹೋಗೋಣ. ಆರಕ್ಕೆ ಮುಂಚೆ ಅಲ್ಲಿರಬೇಕು." ಯಾಕೆ ಆರು ಅಂತ ನಾನು ಕೇಳಲಿಲ್ಲ. ಮೊದಲ ಶಿಫ್ಟು ಆರಕ್ಕೆ.

ನಾಲ್ಕೂಕಾಲಿಗೆ ಹೊರಟ್ವಿ. ತುಂಗೆ ದಾಟಿ, ಎಂ.ಆರ್.ಎಸ್. ಸರ್ಕಲ್, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ. ಬಿ.ಎಚ್. ರಸ್ತೆಯಲ್ಲಿ ಆಗಲೇ ಲಾರಿಗಳು. ಅಪ್ಪ ಎಲ್ಲೂ ಅವಸರ ಮಾಡಲಿಲ್ಲ, ಎಲ್ಲೂ ನಿಲ್ಲಲೂ ಇಲ್ಲ. ಹದಿನೆಂಟು ಗೇರು ಇಟ್ಟುಕೊಂಡು ನಾನು ಅವರ ಡೈನಮೋ ಬೆಳಕಿನ ಹಿಂದೆ ಹೋಗುತ್ತಿದ್ದೆ.

ಭದ್ರಾವತಿಯಲ್ಲಿ ನ್ಯೂಟೌನ್, ಕಾಗದನಗರ ಎರಡನ್ನೂ ಸುತ್ತಿಸಿದರು. ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು, ಕಾರ್ಮಿಕರು ಧರಣಿ ಕೂತರು, ಆಮೇಲೆ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಇದೆಲ್ಲ ನಾನು ಪೇಪರ್‌ನಲ್ಲಿ ಓದಿದ್ದು. ಕ್ವಾರ್ಟರ್ಸ್ ಸಾಲುಗಳ ನಡುವೆ ಸೈಕಲ್ ಹೊಡೆದಿರಲಿಲ್ಲ. ಮರಗಳು ಒಳ್ಳೇ ನೆರಳು ಬಿಟ್ಟಿವೆ, ಗಾಡಿಗಳಿಲ್ಲ, ಕೋಗಿಲೆ ಕೂಗುತ್ತಿತ್ತು. ವಿಡಿಯೋದಲ್ಲಿ ನೋಡಿದ್ದರೆ ನಾನೇ ಲೈಕ್ ಒತ್ತುತ್ತಿದ್ದೆ.

"ಶಿಫ್ಟ್ ಬಿಡೋ ಹೊತ್ತಿಗೆ ಇಲ್ಲಿ ಕಾಲು ಕೆಳಗಿಡೋಕೆ ಜಾಗ ಇರ್ತಿರ್ಲಿಲ್ಲ. ಬರೀ ಸೈಕಲ್ಲು. ಬ್ರೇಕ್ ಹಾಕಿದ್ರೆ ಹಿಂದಿನವ್ನು ಬಂದು ಗುದ್ದೋನು. ಬೆಲ್ ಹೊಡ್ಕೊಂಡೇ ಹೋಗ್ಬೇಕಿತ್ತು" ಅಂದ್ರು. ಮುಂದಿನ ತಿರುವಿನಲ್ಲಿ ಎದುರಿಗೆ ಯಾರೂ ಇರಲಿಲ್ಲ. ಆದರೂ ಅಪ್ಪ ಬೆಲ್ ಹೊಡೆದರು. ಕೈ ತಾನೇ ಹೋಗಿರಬೇಕು.

ಹೋಟೆಲ್‌ನಲ್ಲಿ ಕಾಫಿ ಕುಡಿಯುವಾಗ ಕೇಳಿದರು, "ಬೆಂಗಳೂರಿಗೆ ಯಾವತ್ತು?"

"ನಾಳೆ ಬೆಳಿಗ್ಗೆ."

"ಹ್ಞಾಂ" ಅಂದ್ರು. ಮತ್ತೇನೂ ಹೇಳಲಿಲ್ಲ.

ಈಗಲೂ ನಾನು ಖಾಲಿ ರಸ್ತೆಗಳನ್ನೇ ಹುಡುಕಿಕೊಂಡು ಹೋಗುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಬಾಗಿಲು ಮುಚ್ಚಿದ ಮನೆ ಕಂಡರೆ ಒಳಗಿದ್ದವರು ಎಲ್ಲಿಗೆ ಹೋದರು ಅಂತ ಕೇಳಬೇಕಾಗಿಲ್ಲ. ನನಗೇ ಗೊತ್ತು, ನಾನೂ ಅಲ್ಲಿಗೇ ಹೋದವನು.

ಸೋಮವಾರ ಬೆಳಿಗ್ಗೆ ಜನಶತಾಬ್ದಿ ಹತ್ತಿದೆ. ಕತ್ತಲಿನ್ನೂ ಪೂರ್ತಿ ಬಿಟ್ಟಿರಲಿಲ್ಲ. ಭದ್ರಾವತಿ ಬಂದಾಗ ಕಿಟಕಿಯಿಂದ ನೋಡಿದೆ. ಪ್ಲಾಟ್‌ಫಾರಂನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಎಲ್ಲ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರು, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ಡಬ್ಬಿ, ಬಾಗಿಲ ಹತ್ತಿರ ತಳ್ಳಾಟ.

ಗಂಟೆ ನೋಡಿದೆ. ಇನ್ನೂ ಆರಾಗಿರಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟೆ.