ಎಡಗಡೆ ಚಕ್ರದ ನಟ್ಟು

ಪುನರ್ವಸು ಮಳೆ ಹಿಡಿದು ಇವತ್ತಿಗೆ ನಾಲ್ಕನೇ ದಿನ. ಶೆಡ್ಡಿನ ಜಿಂಕ್ ಶೀಟಿನ ಮೇಲೆ ಅದು ಹೊಯ್ಯುವ ಸದ್ದಿಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ, ಸ್ವಲ್ಪ ಹತ್ತಿರ ಬನ್ನಿ. ಚಪ್ಪಲಿ ಬಿಡಬೇಡಿ, ಒಳಗೆ ಮೊಳೆ, ಗಾಜಿನ ಚೂರು, ಹಳೇ ಹ್ಯಾಕ್ಸಾ ಬ್ಲೇಡು ಏನೇನೋ ಬಿದ್ದಿದೆ. ಕಾಲಿಗೆ ಇಂಬಳ ಹತ್ತಿದ್ದರೆ ಇಲ್ಲೇ ಕಿತ್ತು ಹಾಕಿ. ಆಮೇಲೆ ಕೈಯೆಲ್ಲ ಗ್ರೀಸಾಗಿರುತ್ತದೆ.

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಇದು ಸೌದೆ ಶೆಡ್ಡು. ಟಾರ್ಪಾಲಿನ ಆ ತುದಿ ಹಿಡಿದು ಎಳೆಯಿರಿ. ಮೊದಲು ಮೂಗಿಗೆ ಬಡಿಯುವುದು ಇಲಿ ಉಚ್ಚೆಯ ಘಾಟು. ಅದರ ಹಿಂದೆಯೇ ವಾರ್ನಿಶ್‌ನಂಥ ಇನ್ನೊಂದು ವಾಸನೆ, ವರ್ಷಗಟ್ಟಲೆ ಟ್ಯಾಂಕಿನಲ್ಲೇ ಕೊಳೆತ ಪೆಟ್ರೋಲಿನದು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎರಡು ದುಂಡನೆ ದೀಪ, ಅವುಗಳ ನಡುವೆ ಏಳು ಸೀಳು, ಮೇಲೆ ಉಳಿದ ಜೀಪುಗಳಿಗಿಂತ ಎತ್ತರದ ಬಾನೆಟ್ಟು ಕಾಣುತ್ತವೆ. ಮಹೀಂದ್ರ ಸಿಜೆ-3ಬಿ, ಆರ್‌ಸಿ ಪುಸ್ತಕದಲ್ಲಿ 1968. ನಂಬರ್ ಪ್ಲೇಟು ಇನ್ನೂ ‘ಎಂವೈ’ ಎಂದೇ ಶುರುವಾಗುತ್ತದೆ, ಅಂದರೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವ ಮುಂಚಿನ ಗಾಡಿ.

ಈ ಜಾತಿಯ ಮೂಲ ಎಲ್ಲರಿಗೂ ಗೊತ್ತಿರುವುದೇ, ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು. ಲೂಧಿಯಾನದಲ್ಲಿ 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಶುರುವಾದ ಕಂಪನಿ ದೇಶ ಇಬ್ಭಾಗವಾದ ಮೇಲೆ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಆ ಮೊಹಮ್ಮದ್ ಅವರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. ಬೊಂಬಾಯಿಯಲ್ಲಿ ವಿಲ್ಲಿಸ್ ಜೋಡಿಸುವ ಕೆಲಸ 1940ರ ದಶಕದಲ್ಲೇ ಆರಂಭ. ಅಮೆರಿಕದವರು 3ಬಿ ಮಾಡುವುದನ್ನು 1968ಕ್ಕೆ ಕೈಬಿಟ್ಟರೂ ನಮ್ಮವರು ಬಿಡಲಿಲ್ಲ. ಮಲೆನಾಡಿನ ರಸ್ತೆಗಳೂ ಬಿಡಗೊಡಲಿಲ್ಲ ಅನ್ನಿ.

ಈಗ ಎಡಗಡೆಯ ಮುಂದಿನ ಚಕ್ರದ ಹತ್ತಿರ ಕೂತುಕೊಳ್ಳಿ. ಐದು ಸ್ಟಡ್ಡಿನ ಜಾಗದಲ್ಲಿ ನಾಲ್ಕೇ ಇವೆ. ಐದನೆಯದನ್ನು ಮುರಿದವನು ನಾನು. ಮೊದಲ ದಿನ ಹುಮ್ಮಸ್ಸಿನಲ್ಲಿ ಮುಕ್ಕಾಲು ಇಂಚಿನ ಪಾನಾ ಹಾಕಿ, ಅದಕ್ಕೆ ಮೂರಡಿ ಪೈಪು ಸಿಕ್ಕಿಸಿ, ಎಲ್ಲ ನಟ್ಟು ಬಿಚ್ಚುವ ಹಾಗೆ ಎಡಕ್ಕೆ ತಿರುಗಿಸಿದೆ. ಜಗ್ಗಲಿಲ್ಲ. ಡೀಸೆಲ್ ಹೊಯ್ದೆ, ಒಂದು ರಾತ್ರಿ ಬಿಟ್ಟೆ. ಮಾರನೇ ದಿನ ಪೈಪಿನ ಮೇಲೆ ನಿಂತೇಬಿಟ್ಟೆ. ಟಣ್ ಎಂದು ಸ್ಟಡ್ಡು ತುಂಡಾಗಿ, ನಾನು ಸೌದೆ ರಾಶಿಯ ಮೇಲೆ ಬಿದ್ದೆ. ಬಿದ್ದಲ್ಲಿಂದಲೇ ಟಾರ್ಚು ಹಾಯಿಸಿದಾಗ ಉಳಿದ ಸ್ಟಡ್ಡುಗಳ ತುದಿಯಲ್ಲಿ ಉಗುರಿನಷ್ಟು ಸಣ್ಣದಾಗಿ ಕೊರೆದ ‘ಎಲ್’ ಅಕ್ಷರ ಕಂಡಿತು. ವೈರ್ ಬ್ರಷ್ಷಿನಲ್ಲಿ ಎರಡು ಸಲ ಉಜ್ಜಿದ್ದರೆ ಮೊದಲ ದಿನವೇ ಕಾಣುತ್ತಿತ್ತು.

ಈ ಜೀಪುಗಳ ಎಡಗಡೆಯ ಚಕ್ರಗಳಿಗೆ ಎಡ ತಿರುಪು. ಚಕ್ರ ಮುಂದಕ್ಕೆ ಉರುಳುವಾಗ ನಟ್ಟು ತಾನಾಗಿ ಸಡಿಲವಾಗದಿರಲಿ ಎಂದು ಆಗಿನವರು ಮಾಡಿದ ಏರ್ಪಾಡು. ಬಿಚ್ಚಬೇಕಾದರೆ ಬಲಕ್ಕೆ ತಿರುಗಿಸಬೇಕು. ನಾನು ಎರಡು ದಿನ ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿಮಾಡುತ್ತಿದ್ದೆ! ಈಗ ನೀವೇ ಹಾಕಿ ಪಾನಾ, ಬಲಕ್ಕೆ ಒತ್ತಿ. ಕರ್ರ್ ಎಂದು ಒಣಬಾಗಿಲಿನಂತೆ ಕಿರುಗುಟ್ಟಿತಲ್ಲ, ಬಂತು. ಇನ್ನೊಂದು ಎಚ್ಚರಿಕೆ: ಇದರ ನಟ್ಟುಬೋಲ್ಟೆಲ್ಲ ಇಂಚಿನ ಲೆಕ್ಕ. ಅರ್ಧ ಇಂಚಿನ ತಲೆಯ ಬೋಲ್ಟಿಗೆ ಹದಿಮೂರರ ಪಾನಾ ಸರಿಯಾಗಿಯೇ ಕೂತ ಹಾಗೆ ಅನಿಸುತ್ತದೆ. ಆದರೆ ಅರ್ಧ ಇಂಚೆಂದರೆ 12.7 ಮಿಲಿಮೀಟರ್, ಆ 0.3ರ ಸಂದಿನಲ್ಲೇ ತುಕ್ಕು ಹಿಡಿದ ಬೋಲ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಆಮೇಲೆ ಉಳಿ, ಸುತ್ತಿಗೆ, ಗ್ಯಾಸು, ಬೈಗುಳ.

ಒಳಗೆ ಹತ್ತಿ. ಡ್ರೈವರ್ ಸೀಟಿನ ಜಾಗ ಖಾಲಿ ಇದೆ, ಅದರಡಿ ಇದ್ದ ಪೆಟ್ರೋಲ್ ಟ್ಯಾಂಕನ್ನು ಎಲ್ಲಕ್ಕಿಂತ ಮೊದಲು ಇಳಿಸಿ ಹೊರಗಿನ ಹಲಸಿನ ಮರದಡಿ ಇಟ್ಟಿದ್ದೇವೆ. ಖಾಲಿ ಟ್ಯಾಂಕಲ್ಲವೇ ಎಂದು ಸದರ ಮಾಡಬಾರದು. ತುಂಬಿದ ಟ್ಯಾಂಕಿಗಿಂತ ಖಾಲಿಯದೇ ಅಪಾಯ, ಒಳಗೆ ನಿಂತ ಆವಿಗೆ ವೆಲ್ಡಿಂಗಿನ ಒಂದು ಕಿಡಿ ಸಾಕು.

ಸ್ಕ್ರೂಡ್ರೈವರ್ ತೆಗೆದುಕೊಂಡು ತಳದ ತಗಡನ್ನು ಚುಚ್ಚುತ್ತಾ ಬನ್ನಿ. ಟಕ್, ಟಕ್, ಟಕ್, ಇಲ್ಲಿಯವರೆಗೆ ಕಬ್ಬಿಣ. ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಸದ್ದು ಬದಲಾಗುತ್ತದೆ, ಹಪ್ಪಳ ಮುರಿದ ಹಾಗೆ. ಸ್ಕ್ರೂಡ್ರೈವರ್ ಹಿಡಿಯವರೆಗೂ ಇಳಿಯಿತು. ಮೇಲೆ ಬಣ್ಣ ಚೆನ್ನಾಗಿಯೇ ಇತ್ತು ನೋಡಿ. ಕಿತ್ತರೆ ಬಣ್ಣದ ಕೆಳಗೆ ಬೆರಳು ದಪ್ಪ ಪುಟ್ಟಿ, ಪುಟ್ಟಿಯ ಕೆಳಗೆ ಗೋಣಿಚೀಲದ ತುಂಡು, ಅದರ ಕೆಳಗೆ ಏನೂ ಇಲ್ಲ, ನೆಲವೇ ಕಾಣುತ್ತದೆ. ಯಾವುದೋ ಕಾಲದಲ್ಲಿ ಯಾರೋ ಟಿಂಕರಿಂಗ್ ಮಾಡಿ ದುಡ್ಡು ಎಣಿಸಿಕೊಂಡು ಹೋಗಿದ್ದಾರೆ. ಪುಟ್ಟಿ ಬಳಿದರೆ ತೂತು ಮುಚ್ಚುತ್ತದೆ, ನೀರು ಮಾತ್ರ ಒಳಗೇ ಉಳಿಯುತ್ತದೆ. ಹಾಗೆ ನಿಂತ ನೀರೇ ಈ ಜೀಪನ್ನು ಅರ್ಧ ತಿಂದಿದ್ದು.

ತಗಡಿನ ಅಡಿಯಲ್ಲಿ ಅಡ್ಡಡ್ಡ ಟೋಪಿಯಾಕಾರದ ಚಾನೆಲ್ಲುಗಳಿವೆ. ಗ್ರೈಂಡರಿನಲ್ಲಿ ಒಂದನ್ನು ಕೊಯ್ದಾಗ ಒಳಗಿಂದ ಮಣ್ಣು ದೊಪ್ಪನೆ ಬಿತ್ತು, ಇನ್ನೂ ತೇವದ ಕೆಂಪು ಮಣ್ಣು. ಅದರಲ್ಲಿ ಕಾಫಿ ಸಿಪ್ಪೆ, ಅರ್ಧ ಅಡಿಕೆ, ಒಂದು ಗುಂಡಿ. ಜೊತೆಗೆ ಅಲೆಅಲೆ ಅಂಚಿನ ಅಲ್ಯುಮಿನಿಯಂ ಹತ್ತು ಪೈಸೆ. ಸುತ್ತಲಿನ ಕಬ್ಬಿಣ ಪುಡಿಯಾಗಿದ್ದರೂ ಅದರ ಮೇಲಿನ ಅಂಕಿ ಹಾಗೇ ಇದೆ. ಅಂಗಿಯ ತುದಿಯಲ್ಲಿ ಒರೆಸಿ ಡ್ಯಾಶ್‌ಬೋರ್ಡಿನ ಮೇಲಿಟ್ಟಿದ್ದೇನೆ, ತೆಗೆಯಬೇಡಿ.

ಹದಿನೆಂಟು ಗೇಜಿನ ಹೊಸ ತಗಡು ಕತ್ತರಿಸಿ ಕೂರಿಸಬೇಕು. ವೆಲ್ಡಿಂಗ್ ಹುಡುಗ ಸಿಓಟು ಮಿಷನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬಂದಿದ್ದಾನೆ. ಅವನು ಒಂದೇ ಎಳೆತದಲ್ಲಿ ಬೆಸೆಯುವುದಿಲ್ಲ. ಈ ಮೂಲೆಗೆ ಒಂದು ಚುಕ್ಕಿ, ಎದುರು ಮೂಲೆಗೆ ಒಂದು ಚುಕ್ಕಿ, ಮತ್ತೆ ನಡುವೆ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ. ಒಂದೇ ಕಡೆ ಕಾಯಿಸಿದರೆ ತಗಡು ಸೊಟ್ಟಗಾಗುತ್ತದೆ. ಚುಕ್ಕಿ ಚುಕ್ಕಿ ಸೇರಿ ಗೆರೆಯಾಗುವ ಹೊತ್ತಿಗೆ ಸಂಜೆಯಾಯಿತು, ಎರಡು ಸಲ ಕರೆಂಟೂ ಹೋಯಿತು.

ಸಣ್ಣ ಸಾಮಾನಿಗೆಲ್ಲ ಹಿತ್ತಲಿನ ಪ್ಲಾಸ್ಟಿಕ್ ಡ್ರಮ್ಮು. ನೀರಿಗೆ ವಾಷಿಂಗ್ ಸೋಡಾ ಕದಡಿ, ಬ್ಯಾಟರಿ ಚಾರ್ಜರಿನ ನೆಗೆಟಿವನ್ನು ತುಕ್ಕಿನ ಸಾಮಾನಿಗೆ, ಪಾಸಿಟಿವನ್ನು ಯಾವುದಾದರೂ ಗುಜರಿ ಕಬ್ಬಿಣಕ್ಕೆ ಕೊಟ್ಟರೆ ರಾತ್ರಿಯಿಡೀ ಸುಯ್ ಎನ್ನುತ್ತಾ ಗುಳ್ಳೆ ಏಳುತ್ತದೆ. ಬೆಳಿಗ್ಗೆ ತುಕ್ಕು ಕಪ್ಪು ಕೆಸರಾಗಿ, ಕೈಯಲ್ಲಿ ಒರೆಸಿದರೇ ಹೋಗಿಬಿಡುತ್ತದೆ. ಗುಜರಿಯ ಬದಲು ಸ್ಟೀಲ್ ತಟ್ಟೆ ಇಳಿಬಿಡಬೇಡಿ, ಅದರ ಕ್ರೋಮಿಯಂ ನೀರಿಗಿಳಿದರೆ ವಿಷ. ಏಳುವ ಗುಳ್ಳೆ ಹೈಡ್ರೋಜನ್, ಹತ್ತಿರ ಬೀಡಿ ಹಚ್ಚಬಾರದು.

ಇನ್ನು ಎಂಜಿನ್ನು. ಊರಿನ ಮೆಕ್ಯಾನಿಕ್ಕರೆಲ್ಲರ ಸಲಹೆ ಒಂದೇ: ಈ ಪೆಟ್ರೋಲ್ ಬಕಾಸುರನನ್ನು ಕಿತ್ತು ಡೀಸೆಲ್ ಕೂರಿಸಿ, ಅಗಲ ಟೈರು ಹಾಕಿ, ಬೇಕಾದರೆ ಹರಿಯಾಣದ ಡಬ್ವಾಲಿಯಲ್ಲಿ ಮಾಡುವ ಹಾಗೆ ಮಿರಿಮಿರಿ ಮಿಂಚಿಸಿ. ಮದುವೆ ಮೆರವಣಿಗೆಗೆ ಅದು ಸರಿ. ನನಗೆ ಮನಸ್ಸಿಲ್ಲ. 2021ರಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಹಾಗೆ ಬರೆಸಿದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಇದು ಗೊಬ್ಬರ ಹೊರಬೇಕಾದ ಜೀಪು, ಹಾಗಾಗಿ ಅದೂ ಬೇಡವೆಂದುಕೊಂಡೆ. ಎಂಜಿನ್ನಿನ ಮೇಲೆ ನನಗಿರುವುದು ಬರೀ ಮೋಹ. ಹರಿಕೇನ್ ಎಂದು ಇದರ ಹೆಸರು, 2.2 ಲೀಟರಿನ ನಾಲ್ಕು ಸಿಲಿಂಡರು. ಗಾಳಿ ಎಳೆಯುವ ವಾಲ್ವು ನೆತ್ತಿಯ ಮೇಲೆ, ಹೊಗೆ ಬಿಡುವ ವಾಲ್ವು ಪಕ್ಕದಲ್ಲಿ, ಬ್ಲಾಕಿನೊಳಗೆ. ಬಾನೆಟ್ಟು ಅಷ್ಟೆತ್ತರ ಇರುವುದು ಅದಕ್ಕೇ.

ಅದು ಜಾಮಾಗಿತ್ತು. ಪ್ಲಗ್ಗು ಬಿಚ್ಚಿ, ನಾಲ್ಕೂ ತೂತಿಗೆ ಡೀಸೆಲ್ಲು ಆಯಿಲ್ಲು ಬೆರೆಸಿ ಹೊಯ್ದು, ಪುಷ್ಯ ಮಳೆ ಮುಗಿಯುವವರೆಗೆ ಮುಟ್ಟಲೇ ಇಲ್ಲ. ಸ್ಟಡ್ಡು ಮುರಿದವನಿಗೆ ಅಷ್ಟಾದರೂ ಬುದ್ಧಿ ಬಂದಿತ್ತು. ಆಮೇಲೆ ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಿದರೆ ಒಂದು ಗೇಣು ತಿರುಗಿತು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಎಣ್ಣೆ. ಪೆಟ್ರೋಲ್ ಪೈಪಿನೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಏರ್ ಕ್ಲೀನರಿನಲ್ಲಿ ಇಲಿಯ ಸಂಸಾರ.

ಈಗ ಆಶ್ಲೇಷ ಮಳೆಯ ನಡುವೆ ಒಂದು ಹೊಳವಾದ ಬೆಳಿಗ್ಗೆ. ಟ್ಯಾಂಕು, ಸೀಟು ಮತ್ತೆ ಕೂರಿಸಿದೆ, ಪಾಯಿಂಟ್ ಉಜ್ಜಿದೆ, ಪ್ಲಗ್ ವೈರುಗಳನ್ನು 1-3-4-2ರ ಸರದಿಯಲ್ಲಿ ಕೊಟ್ಟೆ. ಹ್ಯಾಂಡಲನ್ನು ನೀವೇ ಹಿಡಿಯಿರಿ. ಹೆಬ್ಬೆರಳನ್ನು ಸುತ್ತಿ ಹಿಡಿಯಬೇಡಿ, ಉಳಿದ ನಾಲ್ಕು ಬೆರಳಿನ ಸಾಲಿಗೇ ಇರಲಿ. ತಿರುಗಿ ಒದ್ದರೆ ಮೊದಲು ಹೋಗುವುದು ಹೆಬ್ಬೆರಳೇ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಇಲ್ಲ. ಇನ್ನೊಮ್ಮೆ. ಸೀನಿದ ಹಾಗೆ ಒಂದು ಸದ್ದು. ಮೂರನೇ ಸಲವೂ ಇಲ್ಲ. ನಾಲ್ಕನೆಯದಕ್ಕೆ ಹಲಸಿನ ಮರದ ಕಾಗೆಗಳೆಲ್ಲ ಒಮ್ಮೆಗೇ ಹಾರಿದವು. ನೀಲಿ ಹೊಗೆ ಶೆಡ್ಡು ತುಂಬಿತು, ಡ್ಯಾಶ್‌ಬೋರ್ಡಿನ ಮೇಲೆ ಹತ್ತು ಪೈಸೆ ಗಿರಗಿರ ನಡುಗುತ್ತಿದೆ.

ಹತ್ತಿ ಕೂತುಕೊಳ್ಳಿ. ಗೇರ್ ಕಡ್ಡಿಯ ಪಕ್ಕದ ಎರಡು ಗಿಡ್ಡ ಕಡ್ಡಿಗಳಲ್ಲಿ ಒಂದು ಮುಂದಿನ ಆಕ್ಸಲನ್ನು ಸೇರಿಸುತ್ತದೆ, ಇನ್ನೊಂದು ಲೋ ರೇಂಜಿಗೆ ಇಳಿಸುತ್ತದೆ. ಗಟ್ಟಿ ರಸ್ತೆಯಲ್ಲಿ ಮುಂದಿನದನ್ನು ಸೇರಿಸಬಾರದು. ಇದರಲ್ಲಿ ಹಿಂದುಮುಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ತಿರುವಿನಲ್ಲಿ ಒಂದನ್ನೊಂದು ಹಿಂಡುತ್ತವೆ. ಧರೆಯ ಪಕ್ಕದ ಈ ಕೆಸರು ದಾರಿಗೆ ಎರಡೂ ಬೇಕು. ಮೊದಲನೇ ಗೇರು, ಲೋ. ಆಕ್ಸಿಲರೇಟರ್ ಮುಟ್ಟಲೂ ಇಲ್ಲ, ಎಮ್ಮೆ ಕೆರೆಯಿಂದ ಎದ್ದು ಬಂದ ಹಾಗೆ ನಾಲ್ಕೂ ಚಕ್ರ ಮಣ್ಣು ಕಚ್ಚಿಕೊಂಡು ಏರುತ್ತಿದೆ. ಬಾನೆಟ್ಟಿನ ತಗ್ಗುಗಳನ್ನು ತೆಗೆಸಲಿಲ್ಲ. ಬಣ್ಣವೂ ಆಗಿಲ್ಲ, ಮೈತುಂಬ ರೆಡ್ ಆಕ್ಸೈಡ್. ದೀಪಾವಳಿಯ ಹೊತ್ತಿಗೆ ಬಿಸಿಲು ಬಂದರೆ ಹಸಿರು ಹೊಡೆಸಬೇಕು. ಮುರಿದ ಸ್ಟಡ್ಡಿಗೆ ಎಡ ತಿರುಪಿನದೇ ಇನ್ನೊಂದು ಹುಡುಕುತ್ತಿದ್ದೇನೆ. ಸಿಗುವವರೆಗೆ ಆ ಚಕ್ರ ನಾಲ್ಕರ ಮೇಲೇ ನಿಂತಿರುತ್ತದೆ, ಹಾಗಾಗಿ ಜೀಪು ತೋಟದ ಗೇಟು ದಾಟುವುದಿಲ್ಲ.