ಹೊಸಬರ ಕವಚ

ಜರ್ಮನಿಯಲ್ಲಿ 2004ರಲ್ಲಿ ಆರಂಭವಾದ ‘ಟ್ರೇವಿಯನ್’ ಎಂಬ ಅಂತರ್ಜಾಲದ ಆಟವೊಂದಿದೆ. ನಮ್ಮ ಧರ್ಮೋಪದೇಶ ತರಗತಿಯ ಹಿರಿಯ ಹುಡುಗರು ಅದರ ವಿಷಯ ಮಾತನಾಡಿಕೊಳ್ಳುತ್ತಿದ್ದುದನ್ನು ಕೇಳಿ, ಕುತೂಹಲದಿಂದ ಅದರ ನಿಯಮಗಳನ್ನು ಅವರಿಂದಲೇ ತಿಳಿದುಕೊಂಡೆ. ರೋಮನರು, ಗಾಲರು, ಟ್ಯೂಟನರು ಮುಂತಾದ ಪ್ರಾಚೀನ ಜನಾಂಗಗಳಲ್ಲಿ ಒಂದನ್ನು ಆರಿಸಿಕೊಂಡು ಆಟಗಾರನು ಒಂದು ಪುಟ್ಟ ಹಳ್ಳಿಯೊಡನೆ ಆಟ ಆರಂಭಿಸುತ್ತಾನೆ. ಮರ, ಜೇಡಿಮಣ್ಣು, ಕಬ್ಬಿಣ, ಧಾನ್ಯ ಇವೇ ಅವನ ಸಂಪತ್ತು. ಅದೇ ನಕ್ಷೆಯ ಮೇಲೆ ಅವನಂತಹ ಸಾವಿರಾರು ಮಂದಿ ಇರುತ್ತಾರೆ. ಈ ಆಟಕ್ಕೆ ರಾತ್ರಿಯೆಂಬುದಿಲ್ಲ. ನಾವು ಮಲಗಿರುವಾಗಲೂ ಧಾನ್ಯ ಬೆಳೆಯುತ್ತಿರುತ್ತದೆ, ನೆರೆಯವನ ಸೈನ್ಯವೂ ನಡೆದು ಬರುತ್ತಿರುತ್ತದೆ. ಪರೀಕ್ಷೆಯ ದಿನಗಳಲ್ಲಿ ತಾಯಂದಿರು ಇಂತಹ ಆಟಗಳನ್ನು ಏಕೆ ಶಪಿಸುತ್ತಾರೆಂಬುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆಟವನ್ನು ಹೊಗಳಲು ನಾನು ಈ ಲೇಖನ ಬರೆಯುತ್ತಿಲ್ಲ. ಅದರ ಒಂದು ನಿಯಮ ಮಾತ್ರ ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿತು.

ಹೊಸದಾಗಿ ಸೇರಿದ ಆಟಗಾರನಿಗೆ ಮೊದಲ ಕೆಲವು ದಿನ ರಕ್ಷಣೆಯಿರುತ್ತದೆ. ಆ ಅವಧಿಯಲ್ಲಿ ಎಂತಹ ಬಲಶಾಲಿಯೂ ಅವನ ಹಳ್ಳಿಯ ಮೇಲೆ ದಾಳಿ ಮಾಡುವಂತಿಲ್ಲ. ಇಲ್ಲವಾದರೆ, ವಾರಗಟ್ಟಲೆ ಮೊದಲೇ ಬಂದು ಸೈನ್ಯ ಕಟ್ಟಿಕೊಂಡ ನೆರೆಯವರು ಅವನ ಉಗ್ರಾಣವನ್ನು ದಿನಕ್ಕೆ ನಾಲ್ಕು ಬಾರಿ ಬರಿದು ಮಾಡಿ, ಅವನು ಆಟವನ್ನೇ ಬಿಟ್ಟು ಹೋಗುವಂತೆ ಮಾಡುತ್ತಾರೆ. ಹೊಸಬರು ನಿಲ್ಲದ ಆಟ ಬಹುಕಾಲ ನಡೆಯಲಾರದು. ಆದುದರಿಂದ ಈ ನಿಯಮದಲ್ಲಿ ದಯೆಯಷ್ಟೇ ವ್ಯಾಪಾರದ ಲೆಕ್ಕಾಚಾರವೂ ಇದೆ ಎಂಬುದನ್ನು ಮರೆಯಬಾರದು. 2012ರಲ್ಲಿ ಫಿನ್ಲೆಂಡಿನ ಸಂಸ್ಥೆಯೊಂದು ಹೊರತಂದ, ಇಂದು ನಮ್ಮ ಮಕ್ಕಳ ಮೊಬೈಲುಗಳಲ್ಲಿ ಕಾಣುವ ‘ಕ್ಲಾಷ್ ಆಫ್ ಕ್ಲಾನ್ಸ್’ ಆಟದಲ್ಲೂ ಹೊಸಬನಿಗೆ ಮೂರು ದಿನಗಳ ಕವಚ ದೊರೆಯುತ್ತದೆ.

ಈ ರಕ್ಷಣೆಗೆ ಇನ್ನೊಂದು ಮುಖವಿದೆ. ರಕ್ಷಣೆಯಲ್ಲಿರುವವನ ಮೇಲೆ ಇತರರು ಹೇಗೆ ದಾಳಿ ಮಾಡುವಂತಿಲ್ಲವೋ ಹಾಗೆಯೇ ಟ್ರೇವಿಯನ್ನಿನಲ್ಲಿ ಅವನೂ ಇತರ ಆಟಗಾರರ ಮೇಲೆ ಸೈನ್ಯ ಕಳುಹಿಸುವಂತಿಲ್ಲ. ಮೊಬೈಲಿನ ಆಟದಲ್ಲಿ ಕವಚ ತೊಟ್ಟವನು ತಾನೇ ದಾಳಿಗಿಳಿದರೆ ಕವಚದ ಅವಧಿ ಕುಗ್ಗುತ್ತದೆ. ಇದನ್ನು ಕೇಳಿದಾಗ ನನಗೆ ನಗು ಬಂತು. ಧ್ಯಾನಕೂಟ ಮುಗಿಸಿ ಮನೆಗೆ ಬಂದ ಮರುದಿನವೇ ನೆರೆಹೊರೆಯವರ ಪಾಪಗಳನ್ನು ಎಣಿಸತೊಡಗುವ ನಮ್ಮ ಕೆಲವು ಬಂಧುಗಳು ನೆನಪಾದರು. ಹೊಸದಾಗಿ ವಿಶ್ವಾಸಕ್ಕೆ ಬಂದವನನ್ನು ಸಭಾಧ್ಯಕ್ಷನನ್ನಾಗಿ ಮಾಡಬಾರದೆಂದು ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರ ಎಚ್ಚರಿಸಿರುವುದು ಸುಮ್ಮನೆ ಅಲ್ಲ.

ರಕ್ಷಣೆಯ ದಿನಗಳು ಮುಗಿದ ಮರುದಿನ ಏನಾಗುತ್ತದೆ? ಸುತ್ತಲಿನ ಹಳಬರು ಆ ಗಳಿಗೆಗಾಗಿಯೇ ಕಾಯುತ್ತಿರುತ್ತಾರಂತೆ. ಉಗ್ರಾಣವನ್ನು ತುಂಬಿಟ್ಟು, ಖರ್ಚು ಮಾಡದೆ, ನೋಡಿ ಸಂತೋಷಪಟ್ಟವನೇ ಮೊದಲ ಬೇಟೆ. ಆ ಕೆಲವು ದಿನಗಳಲ್ಲಿ ಹೊಲಗಳನ್ನು ಉತ್ತಮಪಡಿಸಿದವನು, ಗೋಡೆ ಕಟ್ಟಿದವನು ಹೇಗೋ ಉಳಿದುಕೊಳ್ಳುತ್ತಾನೆ. ಆಟದಲ್ಲಿ ನಮ್ಮ ಉತ್ತರ ಕರ್ನಾಟಕದ ಹಗೇವಿನಂತಹ ಒಂದು ಗುಪ್ತ ಉಗ್ರಾಣವೂ ಇದೆ. ಅದರಲ್ಲಿಟ್ಟದ್ದು ಸುಲಭವಾಗಿ ಸೂರೆಗೆ ಸಿಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ನೆರೆಯವರ ಒಕ್ಕೂಟವೊಂದನ್ನು ಸೇರಿಕೊಂಡವನಿಗೆ ಕಷ್ಟಕಾಲದಲ್ಲಿ ಇತರರ ಸೈನ್ಯ ಕಾವಲಿಗೆ ಬರುತ್ತದೆ. “ಒಬ್ಬನೇ ಆಡಿದರೆ ಉಳಿಯೋದಿಲ್ಲ, ಟೀಚರ್” ಎಂದು ಹುಡುಗನೊಬ್ಬ ಬಹಳ ಅನುಭವಿಯಂತೆ ಹೇಳಿದ.

ನಮ್ಮ ಪವಿತ್ರ ಗ್ರಂಥಕ್ಕೂ ಹೊಸಬರ ರಕ್ಷಣೆಯ ಅರಿವಿದೆ. ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಯುದ್ಧಕ್ಕೆ ಕಳುಹಿಸಬಾರದೆಂದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ ವಿಧಿಸುತ್ತದೆ. ಮರುಭೂಮಿಯಲ್ಲಿ ಇಸ್ರಯೇಲರಿಗೆ ನಲವತ್ತು ವರ್ಷ ದೊರೆತ ಮನ್ನಾ, ಅವರು ಕಾನಾನಿನ ನೆಲದ ಬೆಳೆಯನ್ನು ತಿಂದ ಮರುದಿನವೇ ನಿಂತುಹೋಯಿತು. ಯೆಹೋಶುವನ ಗ್ರಂಥ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಅದು ದಂಡನೆಯೆಂದು ಅಲ್ಲಿ ಯಾರೂ ಭಾವಿಸಿದಂತೆ ಕಾಣುವುದಿಲ್ಲ.

ಆದಿ ಶ್ರೀಸಭೆಯೂ ಈ ರೀತಿಯನ್ನು ಅನುಸರಿಸಿತು. ಪಾಸ್ಕ ಜಾಗರಣೆಯ ರಾತ್ರಿ ದೀಕ್ಷಾಸ್ನಾನ ಪಡೆದವರು ವಾರವಿಡೀ ಶ್ವೇತವಸ್ತ್ರ ಧರಿಸಿರುತ್ತಿದ್ದರು. ನಾಲ್ಕನೆಯ ಶತಮಾನದ ಜೆರುಸಲೇಮಿನಲ್ಲಿ ಆ ವಾರ ಧರ್ಮಾಧ್ಯಕ್ಷರೇ ಅವರನ್ನು ಕೂರಿಸಿಕೊಂಡು, ಅವರು ಪಡೆದ ಸಂಸ್ಕಾರಗಳ ಅರ್ಥವನ್ನು ಬಿಡಿಸಿ ಹೇಳುತ್ತಿದ್ದರು. ವಾರ ಕಳೆದ ಮೇಲೆ ಶ್ವೇತವಸ್ತ್ರವನ್ನು ತೆಗೆದಿಟ್ಟು ಅವರು ಎಲ್ಲರಂತೆ ಸಾಮಾನ್ಯ ಉಡುಪಿನಲ್ಲಿ ಜನರ ನಡುವೆ ನಿಲ್ಲುತ್ತಿದ್ದರು. 2000ದಿಂದ ನಾವು ದೈವಿಕ ಕರುಣೆಯ ಭಾನುವಾರವೆಂದು ಆಚರಿಸುತ್ತಿರುವ ಪಾಸ್ಕದ ಎರಡನೆಯ ಭಾನುವಾರಕ್ಕೆ ಲತೀನ್ ಭಾಷೆಯಲ್ಲಿ ಇದ್ದ ಹಳೆಯ ಹೆಸರು ಆ ಬಿಳಿಯ ಉಡುಪಿನಿಂದಲೇ ಬಂದದ್ದು. ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಬಾಳಿದ ಶಿಲುಬೆಯ ಸಂತ ಯೊವಾನ್ನರು ಇದನ್ನೇ ತಾಯಿಯ ಹೋಲಿಕೆಯಿಂದ ವಿವರಿಸುತ್ತಾರೆ. ಎದೆಹಾಲುಣಿಸಿ ತೋಳಿನಲ್ಲಿ ಹೊತ್ತ ತಾಯಿ, ಮಗು ಬೆಳೆದಂತೆ ಹಾಲು ಬಿಡಿಸಿ ನೆಲಕ್ಕಿಳಿಸಿ ನಡೆಯಲು ಕಲಿಸುತ್ತಾಳೆ. ದೇವರು ಆತ್ಮವನ್ನು ನಡೆಸಿಕೊಳ್ಳುವುದೂ ಹಾಗೆಯೇ ಎನ್ನುತ್ತಾರೆ ಅವರು.

ಇವೆಲ್ಲ ಓದಲು ಸೊಗಸಾಗಿವೆ. ಆದರೆ ಕವಚ ಕಳಚಿದ ದಿನ ಮನೆಯೊಂದರಲ್ಲಿ ಆಗುವ ಸಂಕಟವೇ ಬೇರೆ. ನಮ್ಮ ಧರ್ಮಕೇಂದ್ರದಲ್ಲಿ ಗಾರೆ ಕೆಲಸ ಮಾಡುವ ಒಬ್ಬರು ಐದು ದಿನಗಳ ಧ್ಯಾನಕೂಟಕ್ಕೆ ಹೋಗಿ ಕುಡಿತ ಬಿಟ್ಟು ಬಂದರು. ಮೊದಲ ಕೆಲವು ವಾರ ಅವರಿಗೆ ಅದು ಕಷ್ಟವೇ ಆಗಲಿಲ್ಲ. ಪ್ರತಿದಿನ ಬಲಿಪೂಜೆಗೆ ಬರುತ್ತಿದ್ದರು, ಮಕ್ಕಳನ್ನು ಕೂರಿಸಿಕೊಂಡು ಜಪಸರ ಹೇಳುತ್ತಿದ್ದರು. ಎರಡನೆಯ ತಿಂಗಳಲ್ಲಿ ಒಂದು ಶನಿವಾರ, ಕೂಲಿಯ ಬಟವಾಡೆಯಾದ ಸಂಜೆ, ಹಳೆಯ ಆಸೆ ಇಡಿಯಾಗಿ ಮರಳಿ ಬಂತು. ಅವರು ಕುಡಿಯಲಿಲ್ಲ, ಆದರೆ ಮನೆಗೆ ಬಂದು ಯಾರೊಡನೆಯೂ ಮಾತನಾಡದೆ ಗೋಡೆಗೆ ಮುಖ ಮಾಡಿ ಮಲಗಿದರು. ಮರುದಿನ ಪೂಜೆಯ ನಂತರ ಅವರ ಹೆಂಡತಿ ನನ್ನನ್ನು ನಿಲ್ಲಿಸಿ, “ದೇವರು ನಮ್ಮನ್ನು ಕೈಬಿಟ್ಟುಬಿಟ್ರಾ, ಟೀಚರ್?” ಎಂದು ಕೇಳಿದರು.

ಇದ್ದಕ್ಕಿದ್ದಂತೆ ಪ್ರಾರ್ಥನೆ ರುಚಿಸದ ನವಸನ್ಯಾಸಿನಿಯೂ, ಮದುವೆಯ ಎರಡನೆಯ ವರ್ಷದ ದಂಪತಿಗಳೂ, ದೃಢೀಕರಣ ಸಂಸ್ಕಾರ ಪಡೆದು ಆರು ತಿಂಗಳಿಗೆ ಗಾಯನವೃಂದ ಬಿಟ್ಟ ಹುಡುಗನೂ ಬೇರೆ ಬೇರೆ ಮಾತುಗಳಲ್ಲಿ ಇದೇ ಪ್ರಶ್ನೆಯನ್ನು ಕೇಳುತ್ತಾರೆ. ನಾವು ಮೊದಲ ವಾರಕ್ಕೆ ಹೂಮಾಲೆ, ಛಾಯಾಚಿತ್ರ, ಊಟ ಎಲ್ಲವನ್ನೂ ಸಿದ್ಧಪಡಿಸುತ್ತೇವೆ. ಎಂಟನೆಯ ವಾರಕ್ಕೆ ನಮ್ಮ ಧರ್ಮಕೇಂದ್ರಗಳಲ್ಲಿ ಯಾವ ಏರ್ಪಾಡೂ ಇರುವುದಿಲ್ಲ. ಹೊಸಬನ ರಕ್ಷಣೆ ಎಂದಿಗೆ ಮುಗಿಯುತ್ತದೆಂಬುದು ಆಟದಲ್ಲಾದರೋ ಮೊದಲೇ ಗೊತ್ತಿರುತ್ತದೆ; ಬಾಳಿನಲ್ಲಿ ಅದನ್ನು ಯಾರೂ ಮುಂಚಿತವಾಗಿ ತಿಳಿಸುವುದಿಲ್ಲ.

ಆ ತಾಯಿಗೆ ನಾನು ವಿಮೋಚನಾಕಾಂಡದ 13ನೆಯ ಅಧ್ಯಾಯವನ್ನು ಓದಿ ಹೇಳಿದೆ. ಈಜಿಪ್ಟನ್ನು ಬಿಟ್ಟ ಜನರಿಗೆ ಫಿಲಿಷ್ಟಿಯರ ನಾಡಿನ ದಾರಿ ಹತ್ತಿರವಾಗಿತ್ತು. ಆದರೂ ಯುದ್ಧವನ್ನು ಕಂಡು ಎದೆಗುಂದಿ ಹಿಂದಿರುಗಿಯಾರು ಎಂದು ದೇವರು ಅವರನ್ನು ಸುತ್ತುದಾರಿಯಲ್ಲಿ ನಡೆಸಿದರು. ಆಕೆ ಅದನ್ನು ಮನೆಯಲ್ಲಿ ಹೇಗೆ ಹೇಳಿದರೋ ನಾನು ಕೇಳಲಿಲ್ಲ. ಈಗ ಬಟವಾಡೆಯ ಶನಿವಾರಗಳಲ್ಲಿ ಆತ ಬಾರ್ ಇರುವ ಮುಖ್ಯರಸ್ತೆಯನ್ನು ಬಿಟ್ಟು, ಕೆರೆಯ ಏರಿಯ ಮೇಲೆ ಅರ್ಧ ಗಂಟೆ ಹೆಚ್ಚು ನಡೆದು ಮನೆ ಸೇರುತ್ತಾರೆ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಇಬ್ಬರು ಸದಸ್ಯರು, ತಮಗೂ ಅದೇ ದಾರಿಯೆಂದು ಹೇಳಿಕೊಂಡು, ಅವರ ಜೊತೆ ನಡೆಯುತ್ತಾರೆ.